ಬಿಸಿಗೆ ಐದರಲ್ಲಿ ಎಷ್ಟು?

ಜನವರಿ ೮, ಸೋಮವಾರ

ಇಪ್ಪತ್ತೆರಡು ವರ್ಷ ಶಾಲಾ ಪಠ್ಯಪುಸ್ತಕಗಳ ಕರಡು ತಿದ್ದಿದ್ದೇನೆ. ಕಪ್ಪೆಯ ಹೃದಯಕ್ಕೆ ನಾಲ್ಕು ಕೋಣೆ ಎಂದು ಅಚ್ಚಾಗಲಿದ್ದುದನ್ನು ಕೊನೇ ಗಳಿಗೆಯಲ್ಲಿ ತಡೆದು ಮೂರು ಮಾಡಿದವಳು ನಾನು. ನವೆಂಬರಿನಲ್ಲಿ ಆ ಮುದ್ರಣಾಲಯ ಬಾಗಿಲು ಹಾಕಿತು. ಇವತ್ತಿನಿಂದ ನಾನು ಪ್ರಣಯ ಕಥೆಗಳ ಪರಿಶೀಲಕಿ. ಪ್ರಣಯ ಅಂದರೆ ಹೂ ಕೊಟ್ಟು ಕಾಗದ ಬರೆಯುವ ಪ್ರಣಯವಲ್ಲ. ಬಾಗಿಲು ಹಾಕಿಕೊಂಡ ಮೇಲೆ ಶುರುವಾಗುವ ಪ್ರಣಯ.

ಈ ಕಂಪನಿ ಮೊಬೈಲಿನಲ್ಲಿ ಓದುವವರಿಗಾಗಿ ಕಥೆಗಳನ್ನು ಕಂತು ಕಂತಾಗಿ ಬಿಡುತ್ತದೆ. ಬಿಡುವ ಮೊದಲು ಯಾರಾದರೂ ಪೂರ್ತಿ ಓದಿ ಫಾರಂ ತುಂಬಬೇಕು. ಫಾರಮಿನಲ್ಲಿ ನಾಲ್ಕು ಕಲಂ: ಕಥೆ, ಭಾಷೆ, ಬಿಸಿ, ಷರಾ. ಮೊದಲ ಮೂರಕ್ಕೆ ಐದರಲ್ಲಿ ಅಂಕ ಕೊಡಬೇಕು.

"ಬಿಸಿ ಅಂದ್ರೆ?" ಅಂತ ಕೇಳಿದೆ, ಗೊತ್ತಿದ್ದೂ.

ನನ್ನ ಮೇಲಿನವಳು ಇಪ್ಪತ್ತೆಂಟರ ಹುಡುಗಿ. ಮಾತಾಡುವಾಗಲೂ ಕಂಪ್ಯೂಟರ್ ಕುಟ್ಟುತ್ತಲೇ ಇರುತ್ತಾಳೆ. ಮನಸ್ಸಿನಲ್ಲೇ ಟಕಟಕ ಎಂದು ಹೆಸರಿಟ್ಟೆ. "ಒಂದು ಅಂದ್ರೆ ಕೈ ಹಿಡಿಯೋದು ಮೇಡಂ. ಮೂರು ಅಂದ್ರೆ ಬಸ್ಸಲ್ಲಿ ಓದೋರು ಪಕ್ಕದವರಿಗೆ ಕಾಣದ ಹಾಗೆ ಮೊಬೈಲ್ ತಿರುಗಿಸ್ಕೋಬೇಕು. ಐದು ಅಂದ್ರೆ ಇಳಿಯೋ ಸ್ಟಾಪೇ ಮರೀಬೇಕು."

ಪಕ್ಕದ ಮೇಜಿನಲ್ಲಿ ಇನ್ನೊಬ್ಬ ಪರಿಶೀಲಕರು. ಕೋರ್ಟಿನಲ್ಲಿ ಶೀಘ್ರಲಿಪಿಕಾರರಾಗಿದ್ದು ನಿವೃತ್ತರಾದವರು. ತುಂಬುತೋಳಿನ ಅಂಗಿಗೆ ಗುಂಡಿ ಹಾಕಿ, ಪೆನ್ಸಿಲ್ ಚೂಪು ಮಾಡಿಕೊಂಡು, ಮಂಚದ ದೃಶ್ಯಗಳನ್ನು ಜಮೀನಿನ ವ್ಯಾಜ್ಯ ಓದಿದ ಹಾಗೆ ಓದುತ್ತಾರೆ.

ನನ್ನ ಪಾಲಿನ ಮೊದಲ ಕಥೆಯಲ್ಲಿ ಅರವತ್ತೊಂದು ಕಾಗುಣಿತ ತಪ್ಪು. "ಅಧರ" ಎಂದು ಬರೆಯಲು ಹೋಗಿ ಉದ್ದಕ್ಕೂ "ಆಧಾರ" ಎಂದು ಬರೆದಿದ್ದಾರೆ. "ಅವನು ಅವಳ ಆಧಾರವನ್ನು ಮೆಲ್ಲನೆ ಚುಂಬಿಸಿದ." ಶೀಘ್ರಲಿಪಿಯವರಿಗೆ ತೋರಿಸಿದೆ. ನಗದೆ ಹೇಳಿದರು: "ಆಧಾರ ಇಲ್ದೆ ಕೇಸು ನಿಲ್ಲಲ್ಲ ತಾಯಿ."

ಬಿಸಿಗೆ ಸೊನ್ನೆ ಹಾಕಿದೆ.

ಮನೆಗೆ ಬಂದಾಗ ಇವರು ಮುಂದಿನ ಕೋಣೆಯ ಮಂಚದ ಮೇಲೆ ಕೂತು ಕಿಟಕಿ ನೋಡುತ್ತಿದ್ದರು. "ಹೇಗಿತ್ತು ಹೊಸ ಕೆಲಸ?"

"ಕಾಗುಣಿತ ಸರಿ ಇಲ್ಲ" ಎಂದೆ.

ಜನವರಿ ೧೧, ಗುರುವಾರ

ಏಳು ಕಥೆ ಮುಗಿಯಿತು. ಏಳರಲ್ಲೂ ನಾಯಕನ ಎದೆ ಕಲ್ಲಿನಲ್ಲಿ ಕಡೆದದ್ದು. ಒಬ್ಬನಿಗೂ ಬೊಜ್ಜಿಲ್ಲ, ಒಬ್ಬನಿಗೂ ಬೆನ್ನುನೋವಿಲ್ಲ, ಒಬ್ಬನೂ ಊಟದ ಮೇಲೆ ಮಾತ್ರೆ ನುಂಗುವುದಿಲ್ಲ. ನಾಯಕಿಯರು ಎದ್ದ ಕೂಡಲೇ ಬಾಯಿ ತೊಳೆಯದೆ ಮುತ್ತು ಕೊಡುತ್ತಾರೆ. ಷರಾದಲ್ಲಿ ಬರೆದೆ: "ಎಲ್ಲ ಎದೆಗಳನ್ನೂ ಒಬ್ಬನೇ ಶಿಲ್ಪಿ ಕೆತ್ತಿದಂತಿದೆ. ಅವನಿಗೆ ಸ್ವಲ್ಪ ರಜೆ ಕೊಡಿ."

ಇವರು ಮೂವತ್ತು ವರ್ಷ ಈಜು ಕಲಿಸಿದವರು. ಊರಿನ ಅರ್ಧ ಮಕ್ಕಳು ಇವರ ಅಂಗೈ ಮೇಲೆ ತೇಲಿ ಕಲಿತಿದ್ದಾರೆ. ಚಡ್ಡಿಯೊಂದರಲ್ಲೇ ಕೊಳದ ದಂಡೆಯ ಮೇಲೆ ಸೀಟಿ ಕಚ್ಚಿಕೊಂಡು ನಿಂತಿರುತ್ತಿದ್ದರು. ಮಕ್ಕಳ ತಾಯಂದಿರು ಬಂದರೂ ಟವೆಲು ಹುಡುಕಿದವರಲ್ಲ. ಅಕ್ಟೋಬರಿನಲ್ಲಿ ಎದೆ ಸೀಳಿ ಹೃದಯದ ಆಪರೇಷನ್ ಆಯಿತು. ಈಗ ಅಂಗಿ ಬದಲಿಸುವುದಕ್ಕೂ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾರೆ. ಆಸ್ಪತ್ರೆಯಲ್ಲಿ ನಾನು ನೋಡಿದ್ದು ಬ್ಯಾಂಡೇಜು. ಮಾಯ್ದ ಗಾಯ ನೋಡಿಲ್ಲ.

ಆರೈಕೆಗೆಂದು ಇವರ ಅಕ್ಕ ಬಂದಿದ್ದಾರೆ. ಅತ್ತಿಗೆ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವರು. ಎರಡು ವಾರಕ್ಕೆಂದು ಬಂದವರಿಗೆ ಇದು ಹದಿಮೂರನೇ ವಾರ. ಬಂದ ದಿನವೇ ತಮ್ಮನ ಹಾಸಿಗೆ ಮುಂದಿನ ಕೋಣೆಗೆ ಹೋಯಿತು, ಅವರ ಹಾಸಿಗೆ ನನ್ನ ಕೋಣೆಗೆ ಬಂತು. "ಅವನಿಗೆ ಉದ್ವೇಗ ಆಗ್ಬಾರ್ದು" ಎಂದರು. ಕುಕ್ಕರ್ ಕೂಗಿದರೆ ಉದ್ವೇಗ, ಸುದ್ದಿ ಓದಿದರೆ ಉದ್ವೇಗ, ನಾನು ಮಂಚದ ತುದಿಯಲ್ಲಿ ಕೂತರೂ ಉದ್ವೇಗ.

ಅತ್ತಿಗೆಯ ಗೊರಕೆಗೆ ಐದರಲ್ಲಿ ಐದು.

ಜನವರಿ ೧೬, ಮಂಗಳವಾರ

ಟಕಟಕ ನನ್ನ ಫಾರಂಗಳನ್ನೆಲ್ಲ ವಾಪಸು ತಂದು ಮೇಜಿನ ಮೇಲೆ ಹರಡಿದಳು.

"ಹದಿನಾಲ್ಕು ಕಥೆ ಮೇಡಂ. ಬಿಸಿಗೆ ಹನ್ನೊಂದು ಸೊನ್ನೆ, ಮೂರು ಒಂದು. ಇದರಲ್ಲಿ ನಾಲ್ಕು ಕಥೆನ ಬಿಟ್ಟ ಎರಡೇ ದಿನದಲ್ಲಿ ಲಕ್ಷಗಟ್ಟಲೆ ಜನ ಓದಿದ್ದಾರೆ."

"ಲಕ್ಷ ಜನ ಓದಿದ್ರೆ 'ಆಧಾರ' 'ಅಧರ' ಆಗುತ್ತಾ?"

"ಅದು ಭಾಷೆ ಕಲಂ. ನಾನು ಕೇಳ್ತಿರೋದು ಬಿಸಿ." ಕುಟ್ಟುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ನಿಮಗೆ ಬಿಸಿ ತಾಗ್ತಿಲ್ವಾ, ಇಲ್ಲ ತಾಗಿದ್ನ ಒಪ್ಕೊಳ್ತಿಲ್ವಾ?"

ಮೈಯೆಲ್ಲ ಉರಿದುಹೋಯಿತು. ನನ್ನ ಮಗಳ ವಯಸ್ಸಲ್ಲದಿದ್ದರೂ ಅಕ್ಕನ ಮಗಳ ವಯಸ್ಸು. ಬಾಯಿಗೆ ಬಂದ ಮಾತು ನುಂಗಿಕೊಂಡು, "ತಿದ್ದಿ ಕೊಡ್ತೀನಿ" ಎಂದೆ.

ಅವಳು ಹೋದ ಮೇಲೆ ಶೀಘ್ರಲಿಪಿಯವರು ತಲೆ ಎತ್ತದೆ ಹೇಳಿದರು: "ನಾನು ಮೂವತ್ತೆಂಟು ವರ್ಷ ವಿಚ್ಛೇದನದ ಕೋರ್ಟಲ್ಲಿ ಕೂತಿದ್ದೆ ತಾಯಿ. ಒಬ್ಬ ಹೆಂಗಸೂ 'ಇವರ ಎದೆ ಕಲ್ಲಿನ ಹಾಗಿಲ್ಲ ಸ್ವಾಮಿ' ಅಂತ ದೂರು ಕೊಟ್ಟಿಲ್ಲ. ಸುಮಾರು ಜನ ಹೇಳಿದ್ದು ಒಂದೇ ಮಾತು, 'ಇವರು ನನ್ನನ್ನ ನೋಡೋದೇ ಬಿಟ್ಟುಬಿಟ್ರು' ಅಂತ. ಅದಕ್ಕೆ ನನ್ನ ಲಿಪೀಲಿ ಒಂದೇ ಗೀಟು ಸಾಕಾಗ್ತಿತ್ತು, ಅಷ್ಟು ಸಲ ಬರೆದಿದ್ದೀನಿ."

ಫಾರಂ ತಿದ್ದಿದೆ. ಸೊನ್ನೆಗಳನ್ನು ಒಂದು ಮಾಡಿದೆ. ಅದಕ್ಕಿಂತ ಹೆಚ್ಚು ನನ್ನ ಕೈಲಾಗದು.

ಜನವರಿ ೨೩, ಮಂಗಳವಾರ

ಕಥೆ ಸಂಖ್ಯೆ ೮೮. ಇಸ್ತ್ರಿ ಅಂಗಡಿಯ ಹೆಂಗಸು, ಲಾರಿ ಡ್ರೈವರು. ಇಬ್ಬರಿಗೂ ನಲವತ್ತರ ಮೇಲೆ. ಕಾಗುಣಿತ ತಪ್ಪು ಒಂಬತ್ತು, ಅಷ್ಟೇ. ಅವನು ಅಂಗಿ ತೆಗೆದುಕೊಳ್ಳಲು ಬಂದವನು ಅವಳ ಮಣಿಕಟ್ಟಿನ ಸುಟ್ಟ ಕಲೆ ನೋಡುತ್ತಾನೆ. "ಇನ್ನೂ ಉರಿಯುತ್ತಾ?" ಎಂದು ಕೇಳುತ್ತಾನೆ. ಅವಳು ಉತ್ತರ ಹೇಳುವುದಿಲ್ಲ, ಕೈಯನ್ನು ಅವನ ಕಡೆ ಇನ್ನಷ್ಟು ಚಾಚುತ್ತಾಳೆ. ಅವನು ಊದುತ್ತಾನೆ. ಆ ಪುಟದಲ್ಲಿ ನಡೆಯುವುದು ಅಷ್ಟೇ.

ಪರಿಶೀಲನೆಗೆ ಬೇಕಾಗುತ್ತದೆಂದು ಆ ಪುಟ ಮೂರು ಸಲ ಓದಿದೆ.

ಬಿಸಿ: ನಾಲ್ಕು.

ಆಫೀಸಿನಲ್ಲಿ ಸೆಖೆ. ಫ್ಯಾನು ಸರಿಯಾಗಿ ತಿರುಗುವುದಿಲ್ಲ. ಎರಡು ಲೋಟ ನೀರು ಕುಡಿದೆ.

ಜನವರಿ ೩೧, ಬುಧವಾರ

ಇವರ ಅಂಗಿಯ ಕಾಲರಿಗೆ ಒಂದು ದಾರ ಅಂಟಿಕೊಂಡಿತ್ತು. ತೆಗೆಯೋಣವೆಂದು ಕೈ ಮುಂದೆ ಮಾಡಿದೆ. ಹಾವು ಕಂಡವರ ಹಾಗೆ ಹಿಂದೆ ಸರಿದರು. ನನ್ನ ಮಣಿಕಟ್ಟು ಹಿಡಿದು ಕೆಳಗಿಳಿಸಿ "ಬೇಡ" ಎಂದರು.

ದಾರ ಕಣ್ರೀ. ದಾರ.

ಅಡುಗೆಮನೆಗೆ ಹೋಗಿ ಪಾತ್ರೆ ಜೋರಾಗಿ ಇಟ್ಟೆ. ಅತ್ತಿಗೆ ಹಿಂದೆಯೇ ಬಂದರು. "ಮೆಲ್ಲಗೆ ಇಡು. ಅವನಿಗೆ..."

"ಉದ್ವೇಗ ಆಗ್ಬಾರ್ದು, ಗೊತ್ತು. ನನಗೆ ಆಗಬಹುದಾ ಅತ್ತಿಗೆ?"

ಅವರು ಪಾತ್ರೆಗಳನ್ನು ಗಾತ್ರದ ಪ್ರಕಾರ ಜೋಡಿಸುತ್ತ ನಿಂತರು. ನನ್ನ ಮನೆಯಲ್ಲಿ ನನ್ನ ಪಾತ್ರೆ ಎಲ್ಲಿದೆ ಎಂದು ಈಗ ನಾನೇ ಕೇಳಿ ತಿಳಿದುಕೊಳ್ಳಬೇಕು.

ಫೆಬ್ರವರಿ ೬, ಮಂಗಳವಾರ

ಇವತ್ತು ದೊಡ್ಡ ಜಗಳ. ಕಥೆ ಸಂಖ್ಯೆ ೨೧೨. ಬರೆದವಳು ಕಂಪನಿಯ ಅಚ್ಚುಮೆಚ್ಚಿನ ಲೇಖಕಿ. ಅವಳ ಕಂತಿಗಾಗಿ ಓದುಗರು ಕಾದು ಕೂತಿರುತ್ತಾರಂತೆ. ಎಂಟನೇ ಕಂತಿನಲ್ಲಿ ನಾಯಕ ನಾಯಕಿಯನ್ನು ಗೋಡೆಗೆ ಒತ್ತುತ್ತಾನೆ. ಅವಳು ಬೇಡ ಎನ್ನುತ್ತಾಳೆ. ಇನ್ನೊಮ್ಮೆ ಬೇಡ ಎನ್ನುತ್ತಾಳೆ. ಮೂರನೇ ಸಲ ಎನ್ನುವಾಗ ಅವನು ನಗುತ್ತಾನೆ, ಮುಂದಿನ ಸಾಲಿನಲ್ಲಿ ಅವಳು ಕರಗಿಹೋಗುತ್ತಾಳೆ.

ಬಿಸಿ ಕಲಮಿನಲ್ಲಿ ಅಡ್ಡಗೀಟು ಎಳೆದೆ. ಷರಾದಲ್ಲಿ "ಇದು ಪ್ರಣಯವಲ್ಲ. ಹೊರಬಿಡಕೂಡದು" ಎಂದು ಬರೆದೆ.

ಟಕಟಕ ಓಡಿಬಂದಳು. "ಮೇಡಂ, ಅವಳು ಮನಸ್ಸಿನಲ್ಲಿ ಬೇಕು ಅಂತಾನೇ ಅಂದ್ಕೊಂಡಿದ್ದಾಳೆ."

"ಮನಸ್ಸಿನಲ್ಲಿರೋದು ಅವನಿಗೆ ಹೇಗೆ ಗೊತ್ತಾಯ್ತು? ಕೇಳಿದ್ನಾ?"

"ಕೇಳಿದ್ರೆ ಕಥೆ ಎಲ್ಲಿರುತ್ತೆ?"

"ಕೇಳದೇ ಇದ್ರೆ ಹೆಣ್ಣು ಎಲ್ಲಿರ್ತಾಳೆ?"

ಇಡೀ ಆಫೀಸು ನಮ್ಮ ಕಡೆ ತಿರುಗಿತು. ಶೀಘ್ರಲಿಪಿಯವರು ಕನ್ನಡಕ ಹಣೆಗೇರಿಸಿ ಎದ್ದರು. "ದಾಖಲೆಯಲ್ಲಿ 'ಬೇಡ' ಮೂರು ಸಲ ಇದೆ. 'ಬೇಕು' ಒಂದು ಸಲವೂ ಇಲ್ಲ. ಇದಕ್ಕೆ ಬಿಸಿ ಫಾರಂ ತುಂಬೋಕಾಗಲ್ಲ, ಪೊಲೀಸ್ ದೂರು ತುಂಬಬೇಕು."

ಟಕಟಕಳ ಕಣ್ಣಲ್ಲಿ ನೀರು ಬಂತು. ಅದನ್ನು ನಾನು ನಿರೀಕ್ಷಿಸಿರಲಿಲ್ಲ. "ಮೇಲಿನವರು ನನ್ನ ಕೇಳ್ತಾರೆ ಮೇಡಂ. ನಿಮ್ಮನ್ನಲ್ಲ" ಎಂದು ಹೇಳಿ ಹೋದಳು. ಸ್ವಲ್ಪ ಹೊತ್ತು ಅವಳ ಮೇಜಿನಿಂದ ಟಕಟಕ ಕೇಳಿಸಲಿಲ್ಲ.

ಫೆಬ್ರವರಿ ೯, ಶುಕ್ರವಾರ

ಎಂಟನೇ ಕಂತು ಹೊರಬಂತು. ನನ್ನ ಅಡ್ಡಗೀಟಿನ ಜಾಗದಲ್ಲಿ ಯಾರೋ ನಾಲ್ಕು ಹಾಕಿದ್ದಾರೆ. ಕೆಳಗೆ ನನ್ನ ಸಹಿ ಹಾಗೆಯೇ ಇದೆ.

ಪಠ್ಯಪುಸ್ತಕದಲ್ಲಿ ಹೀಗೆ ಮಾಡಿದ್ದರೆ ಕಪ್ಪೆಗೆ ನಾಲ್ಕು ಕೋಣೆಯ ಹೃದಯ ಇರುತ್ತಿತ್ತು, ಮಕ್ಕಳೆಲ್ಲ ಬಾಯಿಪಾಠ ಮಾಡಿಕೊಂಡು ಬೆಳೆಯುತ್ತಿದ್ದರು.

ರಾಜೀನಾಮೆ ಬರೆದೆ, ಹರಿದೆ. ಎರಡನೇ ಸಲ ಬರೆದದ್ದರಲ್ಲಿ ಒಂದು ಕಾಗುಣಿತ ತಪ್ಪು ಬಂತು. ಅದನ್ನೂ ಹರಿದೆ.

ಫೆಬ್ರವರಿ ೧೫, ಗುರುವಾರ

ಆ ಲೇಖಕಿ ಫೋನು ಮಾಡಿದ್ದಳು. ಟಕಟಕಳೇ ನಂಬರು ಕೊಟ್ಟಳಂತೆ. ಬೈಯಲು ಮಾಡಿದ್ದಾಳೆಂದು ನಾನೂ ಸೊಂಟ ಕಟ್ಟಿ ಕೂತೆ. ದನಿ ನೋಡಿದರೆ ದಣಿದ ಹೆಂಗಸಿನದು. ಹಿಂದೆ ಮಗು ಅಳುತ್ತಿತ್ತು, ನಲ್ಲಿ ಸುರಿಯುತ್ತಿತ್ತು.

"ನಿಮ್ಮ ಷರಾ ಓದಿದೆ ಮೇಡಂ. ಇಷ್ಟು ವರ್ಷದಲ್ಲಿ ನನ್ನ ಕಥೆನ ಯಾರೂ ಅಷ್ಟು ಗಮನ ಕೊಟ್ಟು ಓದಿರಲಿಲ್ಲ. ಎಲ್ಲರೂ 'ಮುಂದಿನ ಕಂತು ಯಾವಾಗ' ಅಂತಾರೆ, ಅಷ್ಟೇ."

ನಲ್ಲಿ ನಿಲ್ಲಿಸಿದ ಸದ್ದು ಕೇಳಿಸಿತು.

"ಅವನು ಕೇಳಬೇಕು ಅಂತೀರಿ. ಹೇಗೆ ಕೇಳಬೇಕು? ನಿಜವಾಗಿ ಕೇಳ್ತಿದ್ದೀನಿ. ನನಗೆ ಬರೆಯೋಕೆ ಬರ್ತಿಲ್ಲ. ಬರೆದ್ರೆ ನಾಟಕದ ಹಾಗೆ ಕಾಣುತ್ತೆ. ನನ್ನನ್ನ ಯಾವತ್ತೂ ಯಾರೂ ಕೇಳಿಲ್ಲ, ಅದಕ್ಕೆ ಇರಬಹುದು."

"ಸರಳವಾಗಿ ಕೇಳಿಸಿ" ಎಂದೆ. "ಇದ್ದದ್ದನ್ನ ಇದ್ದ ಹಾಗೆ."

"ನೀವು ಯಾರನ್ನಾದ್ರೂ ಹಾಗೆ ಕೇಳಿದ್ದೀರಾ ಮೇಡಂ?"

ಮಗುವಿನ ಅಳು ಜೋರಾಯಿತು. ಆಮೇಲೆ ಮಾಡುತ್ತೇನೆ ಎಂದು ಇಟ್ಟಳು. ಇಂಥ ಅಧಿಕಪ್ರಸಂಗದ ಪ್ರಶ್ನೆಗೆ ಉತ್ತರ ಕೊಡುವ ಕರ್ಮ ನನಗಿರಲಿಲ್ಲ. ಫೋನು ಇಟ್ಟದ್ದು ಒಳ್ಳೆಯದೇ ಆಯಿತು.

ಮಧ್ಯಾಹ್ನ ಒಂದೂ ಕಥೆ ಓದಲಾಗಲಿಲ್ಲ. ತಲೆನೋವು.

ಫೆಬ್ರವರಿ ೨೧, ಬುಧವಾರ

ಷರಾ ಬರೆಯಲು ಫಾರಮಿನಲ್ಲಿ ಮೂರು ಗೆರೆ ಜಾಗ ಕೊಟ್ಟಿದ್ದಾರೆ. ನನಗೆ ಈಗ ಸಾಲುವುದಿಲ್ಲ. ಹಿಂಬದಿಗೂ ಹೋಗಬೇಕಾಗುತ್ತದೆ. ೨೩೧ನೇ ಕಥೆಯದ್ದನ್ನು ಮನೆಯಲ್ಲಿ ಕೂತು ಬರೆದೆ. ಗಂಡ ಹೆಂಡತಿ, ಅವನು ದೂರದ ಕೆಲಸದಿಂದ ಎರಡು ವರ್ಷದ ಮೇಲೆ ಬರುತ್ತಾನೆ, ಬಾಗಿಲಲ್ಲೇ ಶುರು. ನಾನು ಬರೆದದ್ದು ಇದು, ನೆನಪಿಗೆ ಇಲ್ಲೂ ಇಳಿಸುತ್ತೇನೆ:

"ಈ ಕಥೆಯಲ್ಲಿ ಯಾರಿಗೂ ಭಯವಿಲ್ಲ. ಬಹಳ ದಿನ ಮುಟ್ಟದೇ ಇದ್ದ ಮೈಯನ್ನು ಮುಟ್ಟುವಾಗ ಭಯವಾಗುತ್ತದೆ. ಈ ಮೈ ಮೊದಲಿನದೇ ಹೌದೋ ಅಲ್ಲವೋ, ನನ್ನ ಮೈ ಇವರಿಗೆ ಇನ್ನೂ ಬೇಕೋ ಬೇಡವೋ ಎಂದು. ಮನೆಯ ಇನ್ನೊಂದು ಕೋಣೆಯಲ್ಲಿರುವವರು ಹೊರದೇಶದಲ್ಲಿರುವವರಿಗಿಂತ ದೂರ ಇರಬಹುದು. ಲೇಖಕರು ಬಾಗಿಲಿನಿಂದ ಮಂಚಕ್ಕೆ ಒಂದೇ ವಾಕ್ಯದಲ್ಲಿ ಹೋಗಿದ್ದಾರೆ. ಆ ದಾರಿ ಅಷ್ಟು ಹತ್ತಿರವಿಲ್ಲ. ಮೂರು ಮಾರು ದೂರಕ್ಕೆ ನಾಲ್ಕು ತಿಂಗಳು ಹಿಡಿಯಬಹುದು. ಬಿಸಿ: ಎರಡು."

ಬರೆದು, ಮೇಜಿನ ಮೇಲಿಟ್ಟು, ಒಣಗಿದ ಬಟ್ಟೆ ತರಲು ಹೋದೆ. ಬಂದು ನೋಡಿದರೆ ಇವರು ಕೂತು, ಸಾಲಿನ ಕೆಳಗೆ ಬೆರಳು ಇಟ್ಟುಕೊಂಡು ಓದುತ್ತಿದ್ದಾರೆ.

"ಆಫೀಸಿನ ಕಾಗದ ಅದು" ಎಂದೆ.

"ಈ ಕಥೆಯವನಿಗೆ ವಯಸ್ಸೆಷ್ಟು?"

"ಮೂವತ್ತೆರಡು."

"ಇಲ್ಲಿ ಐವತ್ತಾರರವನ ಬಗ್ಗೆ ಬರೆದಿದ್ದೀಯಲ್ಲ."

ಎಲ್ಲಿತ್ತೋ ಅಷ್ಟೂ ಪಿತ್ತ ನೆತ್ತಿಗೇರಿತು. "ಎಲ್ಲದಕ್ಕೂ ನೀವೇ ನಾಯಕರಾ? ಲೋಕದಲ್ಲಿ ಬೇರೆ ಗಂಡಸರಿಲ್ವಾ? ನಾನು ಬರೆದದ್ದು ಕಥೆ ಬಗ್ಗೆ!"

"ಮೂರು ಮಾರು" ಎಂದರು. ಎದ್ದು ಗೋಡೆಯಿಂದ ಗೋಡೆಗೆ, ಅವರ ಕೋಣೆಯ ಬಾಗಿಲಿನಿಂದ ನನ್ನ ಕೋಣೆಯ ಬಾಗಿಲಿಗೆ ನೋಡಿದರು. ಈಜುಕೊಳದ ಅಳತೆ ನೋಡಿ ನೋಡಿ ಪಳಗಿದ ಕಣ್ಣು. "ಸರಿಯಾಗೇ ಇದೆ."

ಅತ್ತಿಗೆ ಓಡಿಬಂದು "ಏನದು ಗಲಾಟೆ, ಅವನಿಗೆ" ಎನ್ನುವಷ್ಟರಲ್ಲಿ ಇವರೇ "ನನಗೇನೂ ಆಗಿಲ್ಲ ಅಕ್ಕ, ನೀನು ಹೋಗು" ಎಂದು ರೇಗಿ ಮಂಚಕ್ಕೆ ಹೋದರು.

ಷರಾವನ್ನು ಇನ್ನೊಮ್ಮೆ ಓದಿ ನೋಡಿದೆ. ಕಥೆಯ ಬಗ್ಗೆಯೇ ಇದೆ.

ಫೆಬ್ರವರಿ ೨೨, ಗುರುವಾರ

ಇವರು ಮಾತಾಡಲಿಲ್ಲ. ನಾನೂ.

ಫೆಬ್ರವರಿ ೨೭, ಮಂಗಳವಾರ

ಅತ್ತಿಗೆ ತರಕಾರಿಗೆಂದು ಹೊರಟ ಮೇಲೆ ಇವರು ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತರು. ಒಳಗೆ ಬರಲಿಲ್ಲ.

"ಒಳಗೆ ತಂತಿ ಹಾಕಿದ್ದಾರೆ, ಗೊತ್ತಾ?" ಎಂದರು.

"ಎಲ್ಲಿ?"

"ಎದೆ ಮೂಳೆಗೆ. ಸೀಳಿದ್ರಲ್ಲ, ಅದನ್ನ ತಂತಿಯಿಂದ ಕಟ್ಟಿದ್ದಾರೆ. ಮಗ್ಗುಲು ಬದಲಾಯಿಸಿದ್ರೆ ಮೊದಲು ಕಟ್ ಅಂತಿತ್ತು. ಈಗ ಅನ್ನಲ್ಲ. ಆದ್ರೂ ನನಗೆ ಕೇಳಿಸುತ್ತೆ." ಸ್ವಲ್ಪ ಹೊತ್ತು ಬಾಗಿಲ ಚೌಕಟ್ಟು ಉಜ್ಜುತ್ತ ನಿಂತರು. "ನಿನ್ನ ಕೈ ಎದೆ ಹತ್ರ ಬಂದ್ರೆ ಬಿಚ್ಚಿಹೋಗುತ್ತೇನೋ ಅನಿಸುತ್ತೆ. ದಾರ ತೆಗಿಯೋಕೆ ಬಂದಿದ್ದು ಅಂತ ಆಮೇಲೆ ಗೊತ್ತಾಯ್ತು."

ನಾಲ್ಕು ತಿಂಗಳಲ್ಲಿ ಇವರು ಒಟ್ಟಿಗೆ ಇಷ್ಟು ಮಾತಾಡಿದ್ದು ಇದೇ ಮೊದಲು. ನನಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. "ಡಾಕ್ಟರನ್ನ ಕೇಳೋಕೇನಾಗಿತ್ತು? ತಿಂಗಳು ತಿಂಗಳು ಹೋಗ್ತೀರಿ, ಮಾತ್ರೆ ಬಣ್ಣ ಕೇಳ್ಕೊಂಡು ಬರ್ತೀರಿ!"

"ಇಂಥದ್ದನ್ನೆಲ್ಲ ಹೇಗೆ ಕೇಳೋದು? ಅಕ್ಕನೂ ಪಕ್ಕದಲ್ಲೇ ಕೂತಿರ್ತಾಳೆ."

ಕೆಳಗೆ ಗೇಟಿನ ಸದ್ದಾಯಿತು. ಅತ್ತಿಗೆ ಚೀಲ ಮರೆತು ವಾಪಸು ಬಂದಿದ್ದರು. ಇವರು ತಮ್ಮ ಮಂಚಕ್ಕೆ ಹೋಗಿ ಕೂತರು, ಸಿಕ್ಕಿಬಿದ್ದ ಹಾಸ್ಟೆಲ್ ಹುಡುಗಿಯ ಹಾಗೆ.

ಮಾರ್ಚ್ ೫, ಮಂಗಳವಾರ

ಅರ್ಧ ದಿನ ರಜೆ ಹಾಕಿ ಆಸ್ಪತ್ರೆಗೆ ನಾನೂ ಹೋದೆ. ಅತ್ತಿಗೆ ಫೈಲು ಎದೆಗವಚಿಕೊಂಡು ಮುಂದೆ. ಕಾಯುವ ಕುರ್ಚಿಗಳು ಬೋಲ್ಟು ಹಾಕಿ ನೆಲಕ್ಕೆ ಬಿಗಿದವು. ಒಬ್ಬರು ಅಲುಗಾಡಿದರೆ ಸಾಲೆಲ್ಲ ಅಲುಗಾಡುತ್ತದೆ. ಇವರ ಕಾಲು ಕುಣಿಯುತ್ತಿದ್ದುದು ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು.

ಡಾಕ್ಟರು ಇಸಿಜಿ ನೋಡಿದರು, ರಕ್ತದೊತ್ತಡ ನೋಡಿದರು, "ಎಲ್ಲ ಚೆನ್ನಾಗಿದೆ, ಇನ್ನೇನಾದ್ರೂ ಕೇಳೋದಿದ್ಯಾ?" ಎಂದರು. ಅತ್ತಿಗೆ ಉಪ್ಪಿನ ಬಗ್ಗೆ ಕೇಳಿದರು. ಇವರು ನೆಲ ನೋಡಿದರು.

"ಅತ್ತಿಗೆ, ನೀವು ಸ್ವಲ್ಪ ಹೊರಗೆ ಕೂತಿರಿ" ಎಂದೆ.

"ಯಾಕೆ?"

"ಗಂಡ ಹೆಂಡತಿ ವಿಷಯ ಕೇಳೋದಿದೆ."

ಅತ್ತಿಗೆ ಒಮ್ಮೆ ನನ್ನನ್ನು, ಒಮ್ಮೆ ತಮ್ಮನನ್ನು ನೋಡಿ, ಫೈಲು ಮೇಜಿನ ಮೇಲಿಟ್ಟು ಎದ್ದು ಹೋದರು. ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡರು.

"ಡಾಕ್ಟ್ರೇ, ನಾವಿಬ್ರೂ ಒಟ್ಟಿಗೆ ಮಲಗಬಹುದಾ? ನಿದ್ದೆ ಬಗ್ಗೆ ಕೇಳ್ತಿಲ್ಲ."

ಇವರು ಕೆಮ್ಮತೊಡಗಿದರು. ಡಾಕ್ಟರು ಪೆನ್ನು ಕೆಳಗಿಟ್ಟರು.

"ಇವರಿಗೆ ಎದೆಯ ತಂತಿ ಬಿಚ್ಚಿಹೋಗುತ್ತೆ ಅಂತ ಭಯ. ನನಗೆ ಇವರ ಹೃದಯ ನಿಂತುಬಿಡುತ್ತೆ ಅಂತ ಭಯ. ನಾಲ್ಕೂವರೆ ತಿಂಗಳಿಂದ ಇಬ್ರೂ ಹೇಳ್ಕೊಂಡಿಲ್ಲ. ಹೇಗೆ, ಎಷ್ಟು, ಯಾವುದು ಮಾಡಬಹುದು, ಯಾವುದು ಮಾಡಬಾರದು, ಬಿಡಿಸಿ ಹೇಳಿ."

"ತಂತಿ ಬಿಚ್ಚಲ್ಲ" ಎಂದರು ಡಾಕ್ಟರು. "ಮೂಳೆ ಕೂಡಿ ಆಗಲೇ ಎರಡು ತಿಂಗಳಾಗಿರುತ್ತೆ. ಕೂಡಿದ ಮೇಲೆ ತಂತಿಗೆ ಕೆಲಸಾನೇ ಇಲ್ಲ, ಸುಮ್ನೆ ಇರುತ್ತೆ." ಇವರ ಕಡೆ ತಿರುಗಿ ಕೇಳಿದರು: "ಎರಡು ಮಹಡಿ ಮೆಟ್ಟಿಲು ನಿಲ್ಲದೆ ಹತ್ತಿ, ಏದುಸಿರಿಲ್ಲದೆ ಮಾತಾಡೋಕೆ ಆಗುತ್ತಾ?"

"ಹತ್ತಿ ನೋಡಿಲ್ಲ. ಲಿಫ್ಟಲ್ಲೇ ಹೋಗ್ತೀನಿ."

"ಹತ್ತಿ ನೋಡಿ. ಅವಸರ ಬೇಡ, ದಿನಾ ಸ್ವಲ್ಪ ಸ್ವಲ್ಪ. ಅಷ್ಟು ಆಯ್ತು ಅಂದ್ರೆ ಇದೂ ಆಗುತ್ತೆ. ಎದೆನೋವು ಬಂದ್ರೆ ಅಲ್ಲಿಗೇ ನಿಲ್ಲಿಸಿ, ನನ್ನ ಹತ್ರ ಬನ್ನಿ." ಪೆನ್ನು ಎತ್ತಿಕೊಂಡು ನಿಟ್ಟುಸಿರು ಬಿಟ್ಟರು. "ಸುಮಾರು ಜನ ಕೇಳೋದೇ ಇಲ್ಲಮ್ಮ. ಮನೆಗೆ ಹೋಗಿ ಎರಡು ಕೋಣೆಯಲ್ಲಿ ಕೂತ್ಕೋತಾರೆ."

ಹೊರಗೆ ಬರುವಾಗ ಇವರು ಪಿಸುಗುಟ್ಟಿದರು: "ನಿನಗೆ ನಾಚಿಕೆ ಆಗಲಿಲ್ವಾ? ದನಿ ಕೂಡ ನಡುಗಲಿಲ್ಲ."

ಇದರಲ್ಲಿ ಆಶ್ಚರ್ಯಪಡುವಂಥದ್ದು ಏನಿದೆ ಎಂದು ನನಗೆ ತಿಳಿಯಲಿಲ್ಲ. ಕೇಳಬೇಕಾದದ್ದನ್ನು ಕೇಳಿದೆ. ರಜೆ ಅರ್ಧ ದಿನದ್ದೇ ಇದ್ದುದರಿಂದ ಅಲ್ಲಿಂದ ನೇರ ಆಫೀಸಿಗೆ ಹೋದೆ. ಸಂಜೆಯೊಳಗೆ ಎರಡು ಕಥೆ, ಎರಡೂ ಕೆಟ್ಟವು.

ಮಾರ್ಚ್ ೬, ಬುಧವಾರ

ನಮ್ಮ ಮನೆ ನಾಲ್ಕನೇ ಮಹಡಿ. ಇವತ್ತು ಇವರು ಹನ್ನೊಂದು ಮೆಟ್ಟಿಲು ಹತ್ತಿ ಕೂತುಬಿಟ್ಟರು. ಮುಖ ಬಿಳುಚಿತ್ತು. ನೋವಲ್ಲ, ಹೆದರಿಕೆ ಎಂದು ಅವರೇ ಹೇಳಿದರು. "ಆಯ್ತು ಬಿಡಿ" ಎಂದೆ. ಹೇಳಿದ ದನಿ ಚೆನ್ನಾಗಿರಲಿಲ್ಲ. ನನಗೇ ಕೇಳಿಸಿತು.

ಲಿಫ್ಟಿನಲ್ಲಿ ಇಬ್ಬರೂ ಗುಂಡಿಗಳನ್ನು ನೋಡುತ್ತ ಬಂದೆವು.

ಮಾರ್ಚ್ ೧೧, ಸೋಮವಾರ

ಮೆಟ್ಟಿಲಿನ ವ್ಯವಹಾರ ಅತ್ತಿಗೆಯ ಕೈಗೆ ಹೋಗಿದೆ. ಡಾಕ್ಟರು ವ್ಯಾಯಾಮ ಹೇಳಿದ್ದಾರೆ ಎಂದು ಇವರು ಹೇಳಿದ್ದೇ ತಪ್ಪು. ಬೆಳಿಗ್ಗೆ ಆರಕ್ಕೆ ಒಂದು ಸಲ, ಸಂಜೆ ಏಳಕ್ಕೆ ಒಂದು ಸಲ. ವೇಳಾಪಟ್ಟಿ ಬರೆದು ಗೋಡೆಗಂಟಿಸಿದ್ದಾರೆ. ತಾವು ಮೊದಲು ಲಿಫ್ಟಿನಲ್ಲಿ ಹೋಗಿ ಮೇಲಿನ ಕಟಾಂಜನ ಹಿಡಿದು ನಿಂತು ಕೂಗುತ್ತಾರೆ: "ಬಾ ತಮ್ಮ, ಇನ್ನು ಆರೇ ಮೆಟ್ಟಿಲು! ಉಸಿರು ಬಿಡು! ಹಾಂ, ಹಾಗೆ!"

ಅಕ್ಕಪಕ್ಕದವರು ಬಾಗಿಲು ತೆರೆದು ನೋಡುತ್ತಾರೆ. ಯಾತಕ್ಕಾಗಿ ಈ ಹತ್ತಾಟ ಎಂದು ಅತ್ತಿಗೆಗೆ ಗೊತ್ತಿದೆಯೋ ಇಲ್ಲವೋ. ಇವರ ಕಿವಿ ಕೆಂಪಾಗಿರುತ್ತದೆ. ನಾನು ಕೆಳಗಿನಿಂದ ಎರಡು ಮೆಟ್ಟಿಲು ಹಿಂದೆ ಬರುತ್ತೇನೆ, ಬಿದ್ದರೆ ಹಿಡಿಯಲು. ಮೂವತ್ತು ವರ್ಷ ಎಲ್ಲರ ಮಕ್ಕಳಿಗೂ "ಇನ್ನೊಂದು ಸುತ್ತು" ಎಂದು ಕೂಗಿದವರಿಗೆ ಈಗ ಅಕ್ಕ ಕೂಗುತ್ತಿದ್ದಾರೆ.

ಇವತ್ತು ಒಂದೂವರೆ ಮಹಡಿ.

ಆಫೀಸಿನಲ್ಲಿ ೨೧೨ರ ಹನ್ನೆರಡನೇ ಕಂತು ನನ್ನ ಮೇಜಿಗೇ ಬಂತು. ನಾಯಕ ಬಾಗಿಲಲ್ಲಿ ನಿಂತು ಕೇಳುತ್ತಾನೆ. ನಾಯಕಿ ಯೋಚಿಸಿ "ಇವತ್ತು ಬೇಡ" ಎನ್ನುತ್ತಾಳೆ. ಅವನು ಸರಿ ಎಂದು ಚಪ್ಪಲಿ ಹಾಕಿಕೊಂಡು ಹೋಗುತ್ತಾನೆ. ಅಲ್ಲಿಗೆ ಕಂತು ಮುಗಿಯುತ್ತದೆ. ಟಕಟಕ ತಲೆ ಮೇಲೆ ಕೈ ಹೊತ್ತು ಕೂತಿದ್ದಾಳೆ. ಓದುಗರು ಬೈಯುತ್ತಾರಂತೆ.

ಬಿಸಿ: ಮೂರೂವರೆ. ಅರ್ಧ ಹಾಕುವಂತಿಲ್ಲ ಎಂದಳು. ನಾಲ್ಕು ಮಾಡಿದೆ. ಜಗಳವಾಡಲಿಲ್ಲ. ಹೋಗುವಾಗ "ನಿಮ್ಮಿಂದ ನನ್ನ ತಲೆ ಹಣ್ಣಾಯ್ತು ಮೇಡಂ" ಎಂದಳು. ಅವಳ ಬಗ್ಗೆ ನನ್ನ ಮಾತೂ ಅದೇ.

ಮಾರ್ಚ್ ೧೬, ಶನಿವಾರ

ಬೆಳಿಗ್ಗೆ ಅತ್ತಿಗೆ ಪೆಟ್ಟಿಗೆ ಕಟ್ಟಿದರು. ನಾನು ಹೋಗಿ ಅಂದಿರಲಿಲ್ಲ, ಇವರೂ ಅಂದಿರಲಿಲ್ಲ. "ನಿನ್ನೆ ಎರಡು ಮಹಡಿ ಹತ್ತಿದ. ಕೂಗೋಕೆ ನನಗೆ ಇನ್ನೇನೂ ಉಳಿದಿಲ್ಲ" ಎಂದರು. ನನ್ನ ಕೋಣೆಯಲ್ಲಿ ತಮ್ಮ ಹಾಸಿಗೆಯನ್ನು ಸುತ್ತಿ, ಹಗ್ಗ ಬಿಗಿದು, ಅಟ್ಟಕ್ಕೆ ಹಾಕಿದ ಮೇಲೆ ನನ್ನ ಭುಜದ ಮೇಲೆ ಕೈಯಿಟ್ಟರು. ಏನೋ ಹೇಳುತ್ತಾರೆ ಎಂದುಕೊಂಡೆ. "ದೊಡ್ಡ ಪಾತ್ರೆ ಕೆಳಗಿನ ಸಾಲಲ್ಲಿದೆ" ಎಂದರು. ಹೀಗಿದ್ದೂ ಉಪ್ಪಿನಕಾಯಿ ಡಬ್ಬಿಯೊಂದನ್ನು ಅವರ ಚೀಲಕ್ಕೆ ತುರುಕಿದೆ. ನೂರೈವತ್ತು ದಿನ ಆ ಗೊರಕೆ ಕೇಳಿದ್ದೇನೆ, ಅದಕ್ಕಿರಬಹುದು.

ಬಸ್ಸು ಹತ್ತಿಸಿ ಬಂದೆವು. ಲಿಫ್ಟು ಕೆಳಗೇ ನಿಂತಿತ್ತು. ಇವರು ಅದರ ಮುಂದೆ ಹಾದು ಮೆಟ್ಟಿಲಿಗೆ ಹೋದರು. ಒಂದು. ಎರಡು. ನಿಲ್ಲಲಿಲ್ಲ. ಮೂರನೇ ಮಹಡಿಯಲ್ಲಿ "ಸಾಕು, ಲಿಫ್ಟು ಕರೀತೀನಿ" ಎಂದೆ. ಕೈ ಬೀಸಿ ಬೇಡ ಎಂದರು. ಮೂರಕ್ಕೂ ನಾಲ್ಕಕ್ಕೂ ನಡುವೆ ತಿರುವಿನಲ್ಲಿ ನಿಂತು ನನ್ನ ಕಡೆ ತಿರುಗಿದರು. ಹಣೆಯಲ್ಲಿ ಬೆವರಿತ್ತು. ಉಸಿರು ನೆಟ್ಟಗಿತ್ತು. ಅದನ್ನೇ ಮೊದಲು ನೋಡಿದೆ.

"ಮಾತಾಡ್ತೀನಿ ನೋಡು" ಎಂದರು. "ಏದುಸಿರಿಲ್ಲ."

"ಹಾಗಾದ್ರೆ ಏನಾದ್ರೂ ಮಾತಾಡಿ."

"ಡಾಕ್ಟರ ಹತ್ರ ನೀನು ಕೇಳಿದ್ಯಲ್ಲ..."

"ನಾನು ಕೇಳಿದ್ದು ಡಾಕ್ಟರನ್ನ. ನನ್ನನ್ನ ಇನ್ನೂ ಯಾರೂ ಕೇಳಿಲ್ಲ."

ಕೆಳಗೆ ಯಾರದೋ ಮನೆಯ ಬಾಗಿಲು ತೆರೆದು ಮುಚ್ಚಿತು. ಅದು ಮುಚ್ಚುವವರೆಗೂ ಕಾದು, ಕಟಾಂಜನ ಬಿಟ್ಟು ನೆಟ್ಟಗೆ ನಿಂತು, ಇವರು ಕೇಳಿದರು. ಸರಳವಾಗಿ, ಹೆದರಿಕೊಂಡೇ ಕೇಳಿದರು. ಏನು ಕೇಳಿದರು, ಹೇಗೆ ಕೇಳಿದರು ಎಂದು ಇಲ್ಲಿ ಬರೆಯುವುದಿಲ್ಲ.

ಯೋಚಿಸಿ ಹೇಳುತ್ತೇನೆ ಅಂದೆ. ನಾಲ್ಕನೇ ಮಹಡಿ ಮುಟ್ಟುವಷ್ಟರಲ್ಲಿ ಯೋಚಿಸಿ ಆಗಿತ್ತು.

ಸೋಮವಾರದೊಳಗೆ ಮೂರು ಕಥೆ ಓದಿ ಫಾರಂ ತುಂಬಬೇಕು. ಸಂಜೆ ಆರೂವರೆ ಆಯಿತು, ಇನ್ನೂ ಒಂದನ್ನೂ ತೆರೆದಿಲ್ಲ.